ಕಾನೂನು ವಿದ್ಯಾರ್ಥಿಯ ಪ್ರಯಾಣ ವೆಚ್ಚ: ಹೈದರಾಬಾದಿನಲ್ಲಿ ಕಲಿಯುವವರಿಗೆ ಕೆಲವು ಮಾಹಿತಿಗಳು

ಕಾನೂನಿನ ಶಿಕ್ಷಣವು ಪಾಠದ ಕೊಠಡಿಯಲ್ಲಿ ಆರಂಭವಾಗುತ್ತದೆಯೇ ಹೊರತು ಅಲ್ಲಿಯೇ ಮುಗಿಯುವುದಿಲ್ಲ. ವಕೀಲರ ಅಧಿನಿಯಮ, 1961ರ ಮೇರೆಗೆ ಕಾನೂನು ಶಿಕ್ಷಣದ ಮಟ್ಟವನ್ನು ಗೊತ್ತುಪಡಿಸುವ ಹೊಣೆ ಹೊತ್ತಿರುವ ಭಾರತೀಯ ವಕೀಲರ ಪರಿಷತ್ತು 2008ರಲ್ಲಿ ಕಾನೂನು ಶಿಕ್ಷಣ ನಿಯಮಗಳನ್ನು ರಚಿಸಿತು. ಅವುಗಳ ಪ್ರಕಾರ ಮೂರು ವರ್ಷಗಳ ಪದವಿಗೆ ಸೇರಿದವರು ಕನಿಷ್ಠ 12 ವಾರ, ಐದು ವರ್ಷಗಳ ಸಂಯುಕ್ತ ಪದವಿಗೆ ಸೇರಿದವರು ಕನಿಷ್ಠ 20 ವಾರ ಇಂಟರ್ನ್‌ಷಿಪ್ ತರಬೇತಿಯನ್ನು ಪೂರೈಸತಕ್ಕದ್ದು. ಯಾವುದೇ ವರ್ಷದಲ್ಲಿ ಈ ತರಬೇತಿಯು ಸತತವಾಗಿ ನಾಲ್ಕು ವಾರಗಳನ್ನು ಮೀರುವಂತಿಲ್ಲ. ವಿಚಾರಣಾ ನ್ಯಾಯಾಲಯದ ವಕೀಲರಲ್ಲಿಯೂ ಮೇಲ್ಮನವಿ ನ್ಯಾಯಾಲಯದ ವಕೀಲರಲ್ಲಿಯೂ ಒಮ್ಮೆಯಾದರೂ ಕಲಿತಿರಬೇಕು. ಇದರ ಜೊತೆಗೆ ಒಂದು ಸಿವಿಲ್ ಮತ್ತು ಒಂದು ಕ್ರಿಮಿನಲ್ ಮೊಕದ್ದಮೆಯ ವಿಚಾರಣೆಯನ್ನು ನೋಡಿ ಬರೆದಿಡುವುದಕ್ಕೂ, ಅಣಕು ನ್ಯಾಯಾಲಯಗಳಲ್ಲಿ ವಾದಿಸುವುದಕ್ಕೂ, ತರಬೇತಿಯ ದಿನಚರಿ ಇಡುವುದಕ್ಕೂ ಅಂಕಗಳು ನಿಗದಿಯಾಗಿವೆ.

ಹೀಗೆ ತರಬೇತಿಯು ಐಚ್ಛಿಕವಲ್ಲ, ಪದವಿಯ ಅಂಗ. ಆದರೆ ಆ ವಾರಗಳ ರೈಲು ದರ, ವಸತಿ, ಊಟಗಳ ವೆಚ್ಚವನ್ನು ವಿದ್ಯಾರ್ಥಿಯ ಮನೆಯವರೇ ಹೊರುವುದು ನಮ್ಮಲ್ಲಿ ನಡೆದುಬಂದಿರುವ ವಾಡಿಕೆ. ಬೋಧನಾ ಶುಲ್ಕದ ವಿನಾಯಿತಿ ಪಡೆದು ಸೇರಿದ ವಿದ್ಯಾರ್ಥಿಯೂ ದೆಹಲಿಯ ಒಂದು ಸಮ್ಮೇಳನಕ್ಕೆ ಆಹ್ವಾನ ಬಂದಾಗ ಹಿಂದೆ ಸರಿಯುವುದು ಈ ಕಾರಣದಿಂದಲೇ. ಈ ವೆಚ್ಚಕ್ಕೆ ಎಲ್ಲೆಲ್ಲಿ ನೆರವು ದೊರೆಯುತ್ತದೆ, ಅದನ್ನು ಪಡೆಯುವ ಕ್ರಮವೇನು, ನೆರವು ಮಂಜೂರಾದ ಮೇಲೂ ಅದು ಯಾಕೆ ಕೆಲವರಿಗೆ ನಿಷ್ಪ್ರಯೋಜಕವಾಗುತ್ತದೆ ಎಂಬುದನ್ನು ಹೈದರಾಬಾದಿನಲ್ಲಿ ಕಲಿಯುವ ಕನ್ನಡಿಗರನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡು ಇಲ್ಲಿ ವಿವರಿಸಲಾಗಿದೆ.

ಹೈದರಾಬಾದು ಮತ್ತು ಕನ್ನಡ ಜಿಲ್ಲೆಗಳು

ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದು ರಾಜ್ಯದಲ್ಲಿದ್ದವು. ಆ ಭಾಗದವರಿಗೆ ಉಚ್ಚ ಶಿಕ್ಷಣವೆಂದರೆ ಹೈದರಾಬಾದು, ಅದರಲ್ಲಿಯೂ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ತೆರೆದ ರೈಲುಮಾರ್ಗವು ಚಿತ್ತಾಪುರ, ಸೇಡಂ, ತಾಂಡೂರುಗಳ ಮೂಲಕ ಹಾದುಹೋಗುತ್ತದೆ. ಈ ಮಾರ್ಗದಲ್ಲಿ ಇಂದಿಗೂ ವಿದ್ಯಾರ್ಥಿಗಳ ಓಡಾಟ ನಿಂತಿಲ್ಲ. ರಾಜ್ಯ ಪುನರ್ವಿಂಗಡಣೆಯು ಆಡಳಿತದ ಗಡಿಯನ್ನು ಬದಲಿಸಿತು, ಊರುಗಳ ನಡುವಣ ದೂರವನ್ನಲ್ಲ. ಸೇಡಂ, ಬೀದರ್‌ಗಳಿಂದ ಬೆಂಗಳೂರಿಗಿಂತ ಹೈದರಾಬಾದು ಈಗಲೂ ಹತ್ತಿರ.

1998ರಲ್ಲಿ ಅಂದಿನ ಆಂಧ್ರಪ್ರದೇಶ ಶಾಸನಸಭೆಯ ಅಧಿನಿಯಮದ ಮೂಲಕ ನಲ್ಸಾರ್ ಕಾನೂನು ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮಾದರಿಯನ್ನು ಅನುಸರಿಸಿದ ಈ ಸಂಸ್ಥೆಯು ನಗರದ ಹೊರವಲಯದ ಶಾಮೀರ್‌ಪೇಟದಲ್ಲಿದೆ. ಉಸ್ಮಾನಿಯಾದ ಕಾನೂನು ಕಾಲೇಜುಗಳೂ ಹಲವು ಖಾಸಗಿ ಕಾಲೇಜುಗಳೂ ನಗರದೊಳಗಿವೆ. ಶಾಮೀರ್‌ಪೇಟದಿಂದ ಮೂಸಿ ನದಿಯ ದಡದ ಉಚ್ಚ ನ್ಯಾಯಾಲಯಕ್ಕೆ ನಾಲ್ಕು ವಾರ ಪ್ರತಿದಿನ ಹೋಗಿಬರುವುದೂ ಒಂದು ಪ್ರಯಾಣವೇ ಎಂಬುದನ್ನು ಅಂದಾಜು ಪಟ್ಟಿ ತಯಾರಿಸುವವರು ಹಲವು ಬಾರಿ ಮರೆಯುತ್ತಾರೆ.

ಇಲ್ಲಿಯೇ ಗಡಿಯ ತೊಡಕು ಎದುರಾಗುತ್ತದೆ. ತೆಲಂಗಾಣ ಸರ್ಕಾರವು 2023ರ ಡಿಸೆಂಬರಿನಲ್ಲಿ ಆರಂಭಿಸಿದ ಮಹಿಳೆಯರ ಉಚಿತ ಬಸ್ ಪ್ರಯಾಣವು ಆ ರಾಜ್ಯದ ನಿವಾಸಿಗಳಿಗೆ ಉದ್ದೇಶಿತವಾದುದು. ಅದೇ ವರ್ಷದ ಜೂನ್ ತಿಂಗಳಲ್ಲಿ ಕರ್ನಾಟಕದಲ್ಲಿ ಆರಂಭವಾದ ಶಕ್ತಿ ಯೋಜನೆಯು ಅಂತರರಾಜ್ಯ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಕಲಬುರಗಿಯ ವಿದ್ಯಾರ್ಥಿನಿಯೊಬ್ಬಳು ಹೈದರಾಬಾದಿನಲ್ಲಿ ಓದುತ್ತಿದ್ದರೆ ಎರಡೂ ಯೋಜನೆಗಳ ನಡುವೆ ಉಳಿದುಬಿಡುವ ಸಂಭವವಿದೆ. ಪರಿಶಿಷ್ಟ ಜಾತಿ, ಹಿಂದುಳಿದ ವರ್ಗ ಮುಂತಾದವುಗಳಿಗೆ ಸೇರಿದ ಕಾನೂನು ಪದವೀಧರರಿಗೆ ವೃತ್ತಿ ತರಬೇತಿಯ ಅವಧಿಯಲ್ಲಿ ಎರಡೂ ರಾಜ್ಯಗಳು ಕೊಡುವ ಶಿಷ್ಯವೇತನಕ್ಕೂ ಆಯಾ ರಾಜ್ಯದ ನಿವಾಸವೇ ಆಧಾರ. ಆದುದರಿಂದ ಇಂಥ ವಿದ್ಯಾರ್ಥಿಗಳು ರಾಜ್ಯದ ಗಡಿಯನ್ನು ಎಣಿಸದ ಮೂಲಗಳನ್ನು ಮೊದಲು ತಿಳಿದಿರುವುದು ಒಳ್ಳೆಯದು.

ಹಿಂದಿನವರ ವೆಚ್ಚವನ್ನು ಭರಿಸಿದವರು

ಕಾನೂನು ಕಲಿಯಲು ದೂರ ಹೋಗುವವರ ಹಣದ ಸಮಸ್ಯೆ ಹೊಸತಲ್ಲ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಉನ್ನತ ಸ್ಥಾನ ಪಡೆದ ಕಾರ್ನೆಲಿಯಾ ಸೊರಾಬ್ಜಿಯವರಿಗೆ ಇಂಗ್ಲೆಂಡಿನ ವ್ಯಾಸಂಗಕ್ಕಾಗಿ ಸರ್ಕಾರಿ ವಿದ್ಯಾರ್ಥಿವೇತನ ದೊರೆಯಬೇಕಿತ್ತು. ಹೆಣ್ಣುಮಗಳೆಂಬ ಕಾರಣದಿಂದ ಅದು ನಿರಾಕೃತವಾಯಿತು. ಫ್ಲಾರೆನ್ಸ್ ನೈಟಿಂಗೇಲ್ ಮೊದಲಾದವರು ವಂತಿಗೆ ಕೂಡಿಸಿದ ಖಾಸಗಿ ನಿಧಿಯ ಬಲದಿಂದ ಅವರು 1889ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ, 1892ರಲ್ಲಿ ಅಲ್ಲಿನ ಕಾನೂನು ಪರೀಕ್ಷೆಗೆ ಕುಳಿತ ಮೊದಲ ಮಹಿಳೆಯೆನಿಸಿದರು. ಡಾ. ಬಿ. ಆರ್. ಅಂಬೇಡ್ಕರ್ ಅವರು 1913ರಲ್ಲಿ ಅಮೆರಿಕಕ್ಕೆ ಹೊರಟದ್ದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ. 1916ರಲ್ಲಿ ಲಂಡನ್ನಿನ ಗ್ರೇಸ್ ಇನ್‌ನಲ್ಲಿ ಕಾನೂನು ವ್ಯಾಸಂಗಕ್ಕೆ ಸೇರಿದರೂ ವೇತನದ ಅವಧಿ ಮುಗಿದುದರಿಂದ 1917ರಲ್ಲಿ ಅದನ್ನು ಅರ್ಧಕ್ಕೆ ಬಿಟ್ಟು ಹಿಂದಿರುಗಬೇಕಾಯಿತು. ಮತ್ತೆ ಲಂಡನ್ನಿಗೆ ಹೋಗಲು 1920ರವರೆಗೆ ಕಾಯಬೇಕಾಯಿತು. ಆಗಲೂ ಸ್ವಂತ ಉಳಿತಾಯ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಮತ್ತು ಸ್ನೇಹಿತರೊಬ್ಬರ ಸಾಲ ಸೇರಿ ಪ್ರಯಾಣ ಸಾಧ್ಯವಾಯಿತು.

ವಿದ್ಯಾರ್ಥಿವೇತನ, ಸಾಲ ಮತ್ತು ರೈಲು ರಿಯಾಯಿತಿ

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರವು ರಾಜ್ಯಗಳ ಮೂಲಕ ನಡೆಸುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಒಂದು ಅನುಕೂಲವಿದೆ. ವಿದ್ಯಾರ್ಥಿ ಯಾವ ರಾಜ್ಯದಲ್ಲಿ ಓದುತ್ತಿದ್ದರೂ ಆತನ ಸ್ವಂತ ರಾಜ್ಯವೇ ವೇತನ ಕೊಡತಕ್ಕದ್ದು. ಆದಕಾರಣ ಹೈದರಾಬಾದಿನಲ್ಲಿ ಓದುವ ಬೀದರಿನ ವಿದ್ಯಾರ್ಥಿಯು ಅರ್ಜಿ ಸಲ್ಲಿಸಬೇಕಾದುದು ಕರ್ನಾಟಕಕ್ಕೆ. ಈ ಯೋಜನೆಯ 2010ರ ನಿಯಮಗಳಲ್ಲಿ ವೃತ್ತಿಪರ ವ್ಯಾಸಂಗದವರಿಗೆ ಅಧ್ಯಯನ ಪ್ರವಾಸಕ್ಕೆಂದು ವರ್ಷಕ್ಕೆ ಗರಿಷ್ಠ 1,600 ರೂಪಾಯಿಗಳ ಪ್ರತ್ಯೇಕ ಬಾಬು ಇತ್ತು. ಪ್ರವಾಸವು ವ್ಯಾಸಂಗಕ್ಕೆ ಅವಶ್ಯವೆಂದು ಸಂಸ್ಥೆಯ ಮುಖ್ಯಸ್ಥರು ದೃಢೀಕರಿಸಬೇಕಿತ್ತು. 2021ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಇಂತಹ ಬಿಡಿ ಬಾಬುಗಳನ್ನು ಒಟ್ಟುಗೂಡಿಸಿ ನಿಗದಿತ ಶೈಕ್ಷಣಿಕ ಭತ್ಯೆಯನ್ನಾಗಿ ಮಾಡಲಾಯಿತು. ಲೆಕ್ಕ ಸರಳವಾಯಿತು, ನಿಜ. ಆದರೆ ಪ್ರವಾಸಕ್ಕೆಂದು ಹೆಸರಿಸಿಟ್ಟ ಹಣವು ಊಟ, ಬಾಡಿಗೆಗಳಲ್ಲಿ ಕರಗುವುದನ್ನು ತಡೆಯುವ ಉಪಾಯ ಈಗ ವಿದ್ಯಾರ್ಥಿಯ ಕೈಯಲ್ಲಿಯೇ ಇದೆ.

ಬ್ಯಾಂಕುಗಳ ಶಿಕ್ಷಣ ಸಾಲದ ಬಗ್ಗೆ ಹಲವರಿಗೆ ತಿಳಿಯದ ಸಂಗತಿಯೊಂದಿದೆ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ ಶುಲ್ಕ, ಪುಸ್ತಕಗಳಿಗಷ್ಟೇ ಅಲ್ಲದೆ ವ್ಯಾಸಂಗವನ್ನು ಪೂರ್ಣಗೊಳಿಸಲು ಬೇಕಾದ ಅಧ್ಯಯನ ಪ್ರವಾಸ, ಯೋಜನಾ ಕಾರ್ಯ ಮೊದಲಾದ ವೆಚ್ಚಗಳಿಗೂ ಸಾಲ ದೊರೆಯುತ್ತದೆ. ಇವುಗಳನ್ನು ಸಾಲದ ಮೊದಲ ಅರ್ಜಿಯಲ್ಲಿಯೇ ಕಾಣಿಸಬೇಕು. ಐದು ವರ್ಷಗಳ ವ್ಯಾಸಂಗದಲ್ಲಿ 20 ವಾರಗಳ ತರಬೇತಿ ಕಡ್ಡಾಯವೆಂಬ ನಿಯಮದ ಪ್ರತಿಯನ್ನು ಲಗತ್ತಿಸಿದರೆ ಬ್ಯಾಂಕಿನ ಅಧಿಕಾರಿಗೆ ಅನುಮಾನಕ್ಕೆ ಎಡೆಯಿರುವುದಿಲ್ಲ.

ರೈಲು ರಿಯಾಯಿತಿಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. 2020ರ ಮಾರ್ಚಿಯಲ್ಲಿ ಬಹುತೇಕ ರಿಯಾಯಿತಿಗಳನ್ನು ಹಿಂತೆಗೆದುಕೊಂಡಾಗಲೂ ವಿದ್ಯಾರ್ಥಿಗಳ ವರ್ಗಗಳನ್ನು ಉಳಿಸಿಕೊಳ್ಳಲಾಯಿತು. ಸ್ವಂತ ಊರಿಗೆ ಹೋಗಿಬರಲು ಮತ್ತು ಶೈಕ್ಷಣಿಕ ಪ್ರವಾಸಕ್ಕೆ ಎರಡನೆಯ ದರ್ಜೆ ಹಾಗೂ ಸ್ಲೀಪರ್ ದರ್ಜೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 75 ರಿಯಾಯಿತಿಯಿದೆ. ವಯೋಮಿತಿ ಕ್ರಮವಾಗಿ 25 ಮತ್ತು 27 ವರ್ಷ. ಸಂಶೋಧನಾ ಕಾರ್ಯಕ್ಕಾಗಿ ಪ್ರಯಾಣಿಸುವ ಸಂಶೋಧನಾರ್ಥಿಗಳಿಗೆ 35 ವರ್ಷದವರೆಗೆ ಶೇ. 50 ದೊರೆಯುತ್ತದೆ. ಅಣಕು ನ್ಯಾಯಾಲಯ ಸ್ಪರ್ಧೆಯೆಂಬ ಪ್ರತ್ಯೇಕ ವರ್ಗವಿಲ್ಲ. ಆದುದರಿಂದ ಕಾಲೇಜು ತಾನೇ ಏರ್ಪಡಿಸುವ ಶೈಕ್ಷಣಿಕ ಪ್ರವಾಸಕ್ಕೆ ಈ ಸೌಲಭ್ಯ ಹೊಂದುವುದೇ ಹೊರತು, ವಿದ್ಯಾರ್ಥಿ ತಾನಾಗಿ ಹೊರಟ ಸಮ್ಮೇಳನಕ್ಕೆ ಸಲ್ಲುತ್ತದೆಂದು ಭಾವಿಸಬಾರದು. ಇನ್ನೊಂದು ಮಾತು. ಮೂರು ವರ್ಷಗಳ ಪದವಿಗೆ ಸೇರುವವರಲ್ಲಿ ದುಡಿದು ಓದುವವರೂ ತಡವಾಗಿ ಸೇರಿದವರೂ ಹೆಚ್ಚು. ನೆರವು ಅತಿ ಅವಶ್ಯವಾದ ಇವರಲ್ಲಿ ಅನೇಕರು ವಯೋಮಿತಿಯ ದೆಸೆಯಿಂದಲೇ ಹೊರಗುಳಿಯುತ್ತಾರೆ. ವಯಸ್ಸಿನ ಬದಲು ವ್ಯಾಸಂಗದ ದಾಖಲೆಯನ್ನೇ ಆಧಾರವಾಗಿಟ್ಟುಕೊಂಡಿದ್ದರೆ ಲೇಸಾಗುತ್ತಿತ್ತೆಂದು ಈ ಲೇಖಕನ ಅಭಿಪ್ರಾಯ.

ಸೇವೆ ಮತ್ತು ಸಂಶೋಧನೆಯ ಮೂಲಕ

ಸಂವಿಧಾನದ 39ಎ ಅನುಚ್ಛೇದವು ಸಮಾನ ನ್ಯಾಯ ಮತ್ತು ಉಚಿತ ಕಾನೂನು ನೆರವನ್ನು ರಾಜ್ಯದ ಕರ್ತವ್ಯವನ್ನಾಗಿ ಮಾಡಿದೆ. ಅದನ್ನು ಕಾರ್ಯಗತಗೊಳಿಸುವ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987 ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಯೋಜನೆಯಡಿ ಕಾನೂನು ವಿದ್ಯಾರ್ಥಿಗಳು ವಕೀಲರಾಗಿ ನೋಂದಣಿಯಾಗುವವರೆಗೆ ಪ್ಯಾರಾ ಲೀಗಲ್ ಸ್ವಯಂಸೇವಕರಾಗಬಹುದು. ಇವರಿಗೆ ತರಬೇತಿಯಿದೆ, ಕೆಲಸ ಮಾಡಿದ ದಿನಗಳಿಗೆ ಗೌರವಧನವಿದೆ, ಕೆಲಸದ ನಿಮಿತ್ತ ಮಾಡಿದ ಬಸ್ಸು ಅಥವಾ ರೈಲಿನ ವೆಚ್ಚವನ್ನು ಪುರಾವೆ ಒಪ್ಪಿಸಿ ಹಿಂಪಡೆಯುವ ಅವಕಾಶವೂ ಇದೆ. ಮೊತ್ತ ದೊಡ್ಡದಲ್ಲ. ಆದರೆ ಹಳ್ಳಿಗೆ ಹೋಗಿ ಪಿಂಚಣಿಯ ಅರ್ಜಿ ಬರೆದುಕೊಟ್ಟವನು ಕಾನೂನಿನ ಬಗ್ಗೆ ಕಲಿಯುವುದನ್ನು ಯಾವ ಸಮ್ಮೇಳನವೂ ಕಲಿಸಲಾರದು.

ವಿದೇಶಾಂಗ ವ್ಯವಹಾರಗಳ ಸಚಿವಾಲಯದ ಇಂಟರ್ನ್‌ಷಿಪ್ ನೀತಿಯು ಈ ದೃಷ್ಟಿಯಿಂದ ಗಮನಾರ್ಹ. ಮಾಸಿಕ 10,000 ರೂಪಾಯಿ ಗೌರವಧನದ ಜೊತೆಗೆ ವಿದ್ಯಾರ್ಥಿಯ ಸ್ವಂತ ರಾಜ್ಯ ಅಥವಾ ವಿದ್ಯಾಸಂಸ್ಥೆ ಇರುವ ಸ್ಥಳದಿಂದ ದೆಹಲಿಗೆ ಒಮ್ಮೆ ಹೋಗಿಬರುವ ಮಿತದರ್ಜೆಯ ವಿಮಾನ ವೆಚ್ಚವನ್ನೂ ಅದು ಒಳಗೊಂಡಿದೆ. ಅಂತಿಮ ವರ್ಷದವರೂ ಪದವೀಧರರೂ ಅರ್ಜಿ ಸಲ್ಲಿಸಬಹುದು. ದೂರದ ಊರಿನವರನ್ನು ನಿಜವಾಗಿ ಕರೆತರಬೇಕೆಂಬ ಸಂಸ್ಥೆಯು ಗೌರವಧನವನ್ನೂ ಪ್ರಯಾಣ ವೆಚ್ಚವನ್ನೂ ಹೀಗೆ ಬೇರೆಬೇರೆಯಾಗಿ ಕೊಡುತ್ತದೆ.

ಪಿಎಚ್.ಡಿ. ಮಾಡುವವರು ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತಿನ ಕಡೆಗೆ ನೋಡಬಹುದು. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರವಿರುವುದು ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿಯೇ.

ಹೊರದೇಶದ ಪ್ರಯಾಣ

1960ರಲ್ಲಿ ಆರಂಭವಾದ ಫಿಲಿಪ್ ಸಿ. ಜೆಸಪ್ ಅಂತರರಾಷ್ಟ್ರೀಯ ಅಣಕು ನ್ಯಾಯಾಲಯ ಸ್ಪರ್ಧೆಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ತಂಡವು 1999 ಮತ್ತು 2013ರಲ್ಲಿ ವಿಶ್ವವಿಜೇತವಾಯಿತು. ತಂಡದಲ್ಲಿ ಇಬ್ಬರಿಂದ ಐವರವರೆಗೆ ಸದಸ್ಯರಿರಬಹುದು. ಭಾರತದ ಸುತ್ತನ್ನು ಗೆದ್ದ ತಂಡಕ್ಕೆ ವಾಷಿಂಗ್ಟನ್ನಿನ ಸುತ್ತಿನವರೆಗೆ ಉಳಿಯುವ ಕಾಲ ಅತ್ಯಲ್ಪ. ಅಷ್ಟರೊಳಗೆ ವೀಸಾ, ಟಿಕೆಟ್, ವಿಮೆ, ಹಣ ಎಲ್ಲವೂ ಸಿದ್ಧವಾಗಬೇಕು. 2008ರಲ್ಲಿ ಹೈದರಾಬಾದಿನಲ್ಲಿ ಅಮೆರಿಕದ ದೂತಾವಾಸ ತೆರೆಯುವ ಮೊದಲು ಇಲ್ಲಿನ ವಿದ್ಯಾರ್ಥಿಗಳು ವೀಸಾ ಸಂದರ್ಶನಕ್ಕೆಂದೇ ಚೆನ್ನೈಗೆ ಮತ್ತೊಂದು ಪ್ರಯಾಣ ಮಾಡಬೇಕಿತ್ತು. ಸ್ಪರ್ಧೆಯನ್ನು ಗೆದ್ದ ಮೇಲೆ ಹಣ ಹುಡುಕುವುದಕ್ಕಿಂತ, ಗೆಲ್ಲಬಹುದೆಂಬ ಭರವಸೆಯಿಂದ ಮೊದಲೇ ಷರತ್ತುಬದ್ಧ ಮಂಜೂರಾತಿ ಪಡೆದಿಡುವುದು ವಿವೇಕ.

ಕೇಂದ್ರ ಸರ್ಕಾರದ ವೆಚ್ಚದ ವಿಮಾನ ಪ್ರಯಾಣಕ್ಕೆ ಟಿಕೆಟುಗಳನ್ನು ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್ ಮತ್ತು ಐಆರ್‌ಸಿಟಿಸಿ ಎಂಬ ಮೂರು ಅಧಿಕೃತ ಸಂಸ್ಥೆಗಳ ಮೂಲಕ ಪಡೆಯಬೇಕೆಂದು 2022ರಲ್ಲಿ ಆದೇಶವಿತ್ತು. ನೆರವಿನ ಮೂಲ ಕೇಂದ್ರದ ಅನುದಾನವಾಗಿದ್ದರೆ ಈ ಷರತ್ತು ತಮಗೂ ಅನ್ವಯಿಸುವುದೇ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ಲಿಖಿತವಾಗಿ ಕೇಳಿಕೊಳ್ಳಬೇಕು. ಅಗ್ಗದ ಟಿಕೆಟ್ ಬೇರೆಡೆ ಕೊಂಡವನ ಬಿಲ್ಲು ತಿರಸ್ಕೃತವಾದರೆ ಆ ಮಿತವ್ಯಯದಿಂದ ಯಾರಿಗೂ ಲಾಭವಿಲ್ಲ.

ಸ್ನಾತಕೋತ್ತರ ವ್ಯಾಸಂಗದವರಿಗೂ ಯುವ ಅಧ್ಯಾಪಕರಿಗೂ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಬೋಧನೆಯ ನೆರವಿನ ಕಾರ್ಯಕ್ರಮವಿದೆ. 1965ರಲ್ಲಿ ಮಹಾಸಭೆಯ ನಿರ್ಣಯದಿಂದ ಸ್ಥಾಪಿತವಾದ ಇದರ ಫೆಲೋಷಿಪ್ ಪಡೆದವರಿಗೆ ಪ್ರಯಾಣ ಮತ್ತು ವಸತಿಯ ವೆಚ್ಚ ದೊರೆಯುತ್ತದೆ.

ಮುಂಗಡವೋ, ಮರುಪಾವತಿಯೋ

ಇಷ್ಟೆಲ್ಲ ಮೂಲಗಳಿದ್ದರೂ ಬಡ ವಿದ್ಯಾರ್ಥಿಯನ್ನು ತಡೆಯುವುದು ಹಣದ ಮೊತ್ತಕ್ಕಿಂತ ಮಿಗಿಲಾಗಿ ಅದು ಕೈಗೆ ಬರುವ ಕಾಲ. ಒಂದು ಉದಾಹರಣೆಯನ್ನು ಭಾವಿಸಿಕೊಳ್ಳೋಣ. ಸೇಡಂ ಕಡೆಯ ತೊಗರಿ ಬೆಳೆಯುವ ರೈತನ ಮಗಳೊಬ್ಬಳು ಹೈದರಾಬಾದಿನ ಕಾಲೇಜೊಂದರಲ್ಲಿ ಓದುತ್ತಿದ್ದಾಳೆ. ದೆಹಲಿಯ ಸ್ಪರ್ಧೆಗೆ ಹೋಗುವ ಮೂವರ ತಂಡಕ್ಕೆ ಆಯ್ಕೆಯಾಗಿದ್ದಾಳೆ. ತೆಲಂಗಾಣ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ದಿನಕ್ಕೂ ಮೀರಿದ ಪ್ರಯಾಣ. ಮೂವರಿಗೂ ಸೇರಿ ನೋಂದಣಿ ಶುಲ್ಕ 9,000, ರೈಲು ದರ 12,000, ವಸತಿ ಮತ್ತು ಊಟ 12,000, ಲಿಖಿತ ವಾದಪತ್ರಗಳ ಮುದ್ರಣ 3,000, ಹೀಗೆ ಒಟ್ಟು 36,000 ರೂಪಾಯಿ ಆಗುವುದೆಂದು ಇಟ್ಟುಕೊಳ್ಳೋಣ. ವಸತಿ, ಊಟಗಳನ್ನು ಬಿಟ್ಟು ಉಳಿದ 24,000 ರೂಪಾಯಿಗಳನ್ನು ಕಾಲೇಜು ಮಂಜೂರು ಮಾಡುತ್ತದೆ. ಕಾಗದದ ಮೇಲೆ ಪ್ರತಿಯೊಬ್ಬರ ಪಾಲು 4,000 ರೂಪಾಯಿ ಮಾತ್ರ.

ಆದರೆ ಮಂಜೂರಾತಿ ಆದೇಶದಲ್ಲಿ 'ಹಿಂದಿರುಗಿದ ಮೇಲೆ ಬಿಲ್ಲುಗಳನ್ನು ಸಲ್ಲಿಸತಕ್ಕದ್ದು' ಎಂದಿದ್ದರೆ, ಹೊರಡುವ ಮೊದಲು ಪ್ರತಿಯೊಬ್ಬರೂ 12,000 ರೂಪಾಯಿ ಹೊಂದಿಸಬೇಕು. ಉಳ್ಳವರ ಮನೆಯಲ್ಲಿ ಇದು ಒಂದು ದೂರವಾಣಿ ಕರೆಯ ಕೆಲಸ. ಆ ರೈತನಿಗೆ ಇದು ತೊಗರಿ ಮಾರಾಟವಾಗುವ ಮೊದಲೇ ತರಬೇಕಾದ ಬಡ್ಡಿಯ ಹಣ. ಹುಡುಗಿ ಮನೆಗೆ ವಿಷಯವನ್ನೇ ತಿಳಿಸದೆ, ಪರೀಕ್ಷೆಯ ನೆಪ ಹೇಳಿ ತಂಡದಿಂದ ಹೊರಗುಳಿಯುವುದು ಸಾಧ್ಯ. ಕಾಲೇಜಿನ ಕಡತದಲ್ಲಿ ಮಾತ್ರ ನೆರವು ಮಂಜೂರಾಗಿರುತ್ತದೆ.

ಮಂಜೂರಾದ ಮೊತ್ತದ ಮುಕ್ಕಾಲು ಭಾಗವನ್ನು, ಎಂದರೆ 18,000 ರೂಪಾಯಿಗಳನ್ನು ಮುಂಗಡವಾಗಿ ಕೊಟ್ಟರೆ ಆಕೆ ಹೊಂದಿಸಬೇಕಾದುದು 6,000 ರೂಪಾಯಿ. ಮುಂಗಡ ಕೊಡಲು ಲೆಕ್ಕಪತ್ರ ಶಾಖೆಯು ಒಪ್ಪದಿದ್ದರೆ ಇನ್ನೂ ಸುಲಭವಾದ ದಾರಿಯಿದೆ. ನೋಂದಣಿ ಶುಲ್ಕವನ್ನು ಸಂಘಟಕರಿಗೆ ಕಾಲೇಜೇ ನೇರವಾಗಿ ಪಾವತಿ ಮಾಡಿ, ರೈಲು ಟಿಕೆಟುಗಳನ್ನೂ ತಾನೇ ಕೊಂಡರೆ, ವಿದ್ಯಾರ್ಥಿನಿಯ ಕೈಯಲ್ಲಿ 5,000 ರೂಪಾಯಿ ಇದ್ದರೆ ಸಾಕು. ಸಂಸ್ಥೆಗೆ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ. ಸರ್ಕಾರಿ ನೌಕರನು ಕರ್ತವ್ಯದ ಮೇಲೆ ಪ್ರವಾಸ ಹೊರಡುವಾಗ ಪ್ರಯಾಣ ಭತ್ಯೆಯ ಮುಂಗಡ ಪಡೆಯುವ ಪದ್ಧತಿ ಬಹು ಹಿಂದಿನಿಂದಲೂ ಇದೆ. ಸಂಬಳವಿರುವವನಿಗೆ ಸಲ್ಲುವ ಸೌಲಭ್ಯವು ಸಂಬಳವಿಲ್ಲದವಳಿಗೆ ಯಾಕೆ ಸಲ್ಲಬಾರದೆಂದು ಕೇಳುವುದು ಉದ್ಧಟತನವಲ್ಲ.

ಆದುದರಿಂದ ಅರ್ಜಿಯಲ್ಲಿ ಮೊತ್ತವನ್ನು ಮಾತ್ರ ಬರೆಯದೆ, ಯಾವ ಬಾಬನ್ನು ಯಾವ ದಿನಾಂಕದೊಳಗೆ ಯಾರಿಗೆ ಪಾವತಿ ಮಾಡಬೇಕೆಂಬುದನ್ನೂ ಕಾಣಿಸಬೇಕು. ಆಹ್ವಾನ ಪತ್ರ, ಅಂದಾಜು ಪಟ್ಟಿ, ಅಧ್ಯಾಪಕರ ಶಿಫಾರಸು, ಬೇರೆ ಮೂಲದಿಂದ ನೆರವು ಪಡೆದಿದ್ದರೆ ಅದರ ವಿವರ ಲಗತ್ತಿಸಬೇಕು. ಒಂದೇ ವೆಚ್ಚಕ್ಕೆ ಎರಡು ಕಡೆ ಹಣ ಪಡೆಯುವುದು ಅಪರಾಧವಾಗುತ್ತದೆ. ಎರಡು ಮೂಲಗಳು ಬೇರೆಬೇರೆ ಬಾಬುಗಳನ್ನು ಭರಿಸುವುದು ತಪ್ಪಲ್ಲ. ಕೇಂದ್ರದ ಅನುದಾನ ಪಡೆದ ಸಂಸ್ಥೆಯು ಸಾಮಾನ್ಯ ಹಣಕಾಸು ನಿಯಮಗಳು, 2017ರ ಪ್ರಕಾರ ವಿನಿಯೋಗ ಪ್ರಮಾಣಪತ್ರವನ್ನು ಒಪ್ಪಿಸಬೇಕಾಗಿರುವುದರಿಂದ ವಿದ್ಯಾರ್ಥಿಯ ರಶೀದಿ ಸಿಗದೆ ಅದರ ಲೆಕ್ಕ ಮುಗಿಯುವುದಿಲ್ಲ. ಆಟೋರಿಕ್ಷಾದಂತಹ ರಶೀದಿಯಿಲ್ಲದ ವೆಚ್ಚಗಳಿಗೆ ದಿನಾಂಕ, ದೂರ, ಮೊತ್ತ ಬರೆದು ಅಂದಂದೇ ಸಹಿ ಮಾಡಿಟ್ಟ ಚೀಟಿಯನ್ನು ಹಲವು ಕಚೇರಿಗಳು ಒಪ್ಪುತ್ತವೆ.

ಹತ್ತಿರದ ತರಬೇತಿ

ಎಲ್ಲ ತರಬೇತಿಗೂ ದೆಹಲಿಗೇ ಹೋಗಬೇಕೆಂಬ ಭ್ರಮೆ ಅನಾವಶ್ಯಕ. ಕರ್ನಾಟಕ ಉಚ್ಚ ನ್ಯಾಯಾಲಯದ ಕಲಬುರಗಿ ಸಂಚಾರಿ ಪೀಠವು 2008ರಲ್ಲಿ ಆರಂಭವಾಗಿ 2013ರಲ್ಲಿ ಖಾಯಂ ಪೀಠವಾಯಿತು. ಮೇಲ್ಮನವಿ ವಕೀಲರಲ್ಲಿ ಕಲಿಯಬೇಕೆಂಬ ನಿಯಮವನ್ನು ಕಲಬುರಗಿ, ಬೀದರ್, ರಾಯಚೂರು ಕಡೆಯವರು ಮನೆಯಿಂದ ಅಥವಾ ಮನೆಯ ಹತ್ತಿರದಿಂದಲೇ ಪೂರೈಸಬಹುದು. ಹೈದರಾಬಾದಿನಲ್ಲಿಯೇ ಉಳಿಯುವವರಿಗೆ 2021ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಕೇಂದ್ರವಿದೆ, ತೆಲಂಗಾಣ ಉಚ್ಚ ನ್ಯಾಯಾಲಯವಿದೆ. ಒಂದೇ ಎಚ್ಚರಿಕೆ. ಕಾಲೇಜುಗಳಿಗೆ ಬೇಸಿಗೆ ರಜೆಯಿರುವ ಮೇ ತಿಂಗಳಲ್ಲಿಯೇ ಉಚ್ಚ ನ್ಯಾಯಾಲಯಗಳಿಗೂ ಬೇಸಿಗೆ ರಜೆ ಇರುತ್ತದೆ. ಆಗ ರಜಾಕಾಲದ ಪೀಠವು ಗೊತ್ತಾದ ಕೆಲವು ದಿನ ಮಾತ್ರ ಸೇರುತ್ತದೆ. ಟಿಕೆಟ್ ಕೊಳ್ಳುವ ಮೊದಲು ಆಯಾ ನ್ಯಾಯಾಲಯದ ವಾರ್ಷಿಕ ದಿನದರ್ಶಿಯನ್ನು ನೋಡಿ, ನಾಲ್ಕು ವಾರಗಳನ್ನು ಜೂನ್ ಅಥವಾ ಡಿಸೆಂಬರಿಗೆ ಹೊಂದಿಸಿಕೊಳ್ಳಲು ಪ್ರಾಂಶುಪಾಲರ ಅನುಮತಿ ಕೇಳಬೇಕು. ಡಿಸೆಂಬರಿನ ಕೊನೆಯ ವಾರದಲ್ಲಿಯೂ ನ್ಯಾಯಾಲಯಗಳಿಗೆ ರಜೆಯಿರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.